ಮಲಬಾರ್ ಡ್ಯಾನಿಯೊಗೆ ಏನು, ಎಷ್ಟು, ಹೇಗೆ ತಿನ್ನಿಸಬೇಕು

ಪಶ್ಚಿಮ ಘಟ್ಟದ ತೊರೆಗಳಲ್ಲಿ ಹರಿವಿಗೆ ಎದುರು ನಿಂತು ಈಜುವ, ನೀಲಿ-ಹಳದಿ ಪಟ್ಟೆಯ ಬೆರಳುದ್ದದ ಮೀನು ಮಲಬಾರ್ ಡ್ಯಾನಿಯೊ. ಇದರ ಬಾಯಿ ಮೇಲ್ಮುಖವಾಗಿದೆ. ಮರದಿಂದ ಉದುರಿದ ಇರುವೆ, ಸಣ್ಣ ನೊಣ, ಸೊಳ್ಳೆಯ ಲಾರ್ವಾ ನೀರಿನ ಜೊತೆ ತೇಲಿ ಬರುವಾಗಲೇ ಹಿಡಿದು ನುಂಗುತ್ತದೆ. ಒಂದಿಷ್ಟು ಪಾಚಿಯೂ ಹೊಟ್ಟೆ ಸೇರುತ್ತದೆ. ತಳದಲ್ಲಿ ಬಿದ್ದದ್ದನ್ನು ಮೂಸುವುದು ಅಪರೂಪ. ಕಾರ್ಪ್ ಕುಟುಂಬದ ಇತರ ಮೀನುಗಳಂತೆ ಇದಕ್ಕೂ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಹಾಗಾಗಿ ದಿನಕ್ಕೊಂದೇ ಸಲ ಹೊಟ್ಟೆ ಬಿರಿಯ ಹಾಕುವುದು ತಪ್ಪು. ಸ್ವಲ್ಪ ಸ್ವಲ್ಪ, ಹಲವು ಸಲ, ಹರಿಯುವ ನೀರಿನ ಮೇಲೆ ಕೊಡಿ.

ಅಳತೆ

6–7 ಸೆಂ.ಮೀ. ಉದ್ದದ 8 ಮೀನುಗಳಿಗೆ ದಿನಕ್ಕೆ ಸುಮಾರು ಅರ್ಧ ಗ್ರಾಂ ಒಣ ಆಹಾರ ಸಾಕು. ಅಷ್ಟನ್ನು ದಿನವೂ ತೂಗುವುದು ಕಷ್ಟ. 10 ದಿನಕ್ಕೆ 5 ಗ್ರಾಂ ತೂಗಿ ಒಂದು ಪುಟ್ಟ ಡಬ್ಬಿಗೆ ಹಾಕಿಡಿ, ಅದರಿಂದಷ್ಟೇ ಕೊಡಿ. ಡಬ್ಬಿ ಏಳನೇ ದಿನಕ್ಕೇ ಖಾಲಿಯಾದರೆ ಮನೆಯಲ್ಲಿ ಇನ್ನೊಬ್ಬರೂ ಹಾಕುತ್ತಿದ್ದಾರೆ ಎಂದೇ ಅರ್ಥ. ವಾರಕ್ಕೊಂದು ದಿನ ಉಪವಾಸವಿಡಿ, ಮೀನಿಗೇನೂ ಆಗದು.

ಬೆಳಿಗ್ಗೆ ತೊಟ್ಟಿಯ ದೀಪ ಹಾಕಿ ಅರ್ಧ ಗಂಟೆಯಾದ ಮೇಲೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಆರಿಸುವ ಒಂದು ಗಂಟೆ ಮುಂಚೆ ಒಮ್ಮೆ. ಪ್ರತಿ ಸಲವೂ ಒಂದು ನಿಮಿಷದೊಳಗೆ ಖಾಲಿಯಾಗಬೇಕು.

ಹಾಕುವ ಬಗೆ

1 ಮಿ.ಮೀ. ಗಾತ್ರದ, ನಿಧಾನವಾಗಿ ಮುಳುಗುವ ಪೆಲೆಟ್ (ಒಣ ಆಹಾರದ ಗುಳಿಗೆ) ಆರಿಸಿ. ಫಿಲ್ಟರ್‌ನಿಂದ ನೀರು ಹೊರಬೀಳುವ ಜಾಗದಲ್ಲಿ ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಹರಿವೇ ಅದನ್ನು ತೊಟ್ಟಿಯುದ್ದಕ್ಕೂ ಒಯ್ಯುತ್ತದೆ. ಫ್ಲೇಕ್ಸ್ (ತೆಳು ಹಾಳೆಯಂಥ ಒಣ ಆಹಾರ) ಹಾಕುವುದಾದರೆ ಒಂದು ಕಣ್ಣು ಫಿಲ್ಟರ್ ಮೇಲಿರಲಿ: ಹೀರಿಕೊಂಡ ಚೂರುಗಳು ಸ್ಪಂಜಿನಲ್ಲಿ ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಗುಂಪಿನ ದೊಡ್ಡ ಮೀನು ಒಂದೇ ಮೂಲೆ ಕಾಯ್ದು ಉಳಿದವನ್ನು ಓಡಿಸುವುದುಂಟು. ಆಗ ಎರಡು ತುದಿಯಲ್ಲೂ ಒಟ್ಟಿಗೆ ಹಾಕಿ. ಊಟದ ಹುರುಪಿನಲ್ಲಿ ಇವು ತೊಟ್ಟಿಯಿಂದಾಚೆ ಹಾರಿಬಿಡುತ್ತವೆ. ಮುಚ್ಚಳ ಪೂರ್ತಿ ತೆಗೆಯದೆ ಕೈ ತೂರುವಷ್ಟೇ ಸರಿಸಿ.

ಹುಳುಗಳು

ವಾರಕ್ಕೆರಡು ಸಲ ಒಣ ಆಹಾರದ ಬದಲು ಹುಳು ಕೊಟ್ಟರೆ ಮೈಬಣ್ಣ, ಚುರುಕುತನ ಎರಡೂ ಚೆನ್ನಾಗಿರುತ್ತವೆ. ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿ ಮಾರುವ ಕೆಂಪು ಹುಳು) ಆದರೆ 8 ಮೀನಿಗೆ ಅರ್ಧ ಕ್ಯೂಬ್: ಲೋಟದ ನೀರಿನಲ್ಲಿ ಕರಗಿಸಿ, ಸಣ್ಣ ಬಲೆಯಲ್ಲಿ ಸೋಸಿ, ಆ ಕೆಂಪು ನೀರನ್ನು ಚೆಲ್ಲಿ. ಚರಂಡಿಯಿಂದ ತಂದ ಜೀವಂತ ಟ್ಯುಬಿಫೆಕ್ಸ್ (ಕೆಸರಿನ ದಾರದಂಥ ಹುಳು) ಬೇಡವೇ ಬೇಡ, ರೋಗಾಣುಗಳೂ ಜೊತೆಗೆ ಬರುತ್ತವೆ. ಬಕೆಟ್ಟಿನಲ್ಲಿ ಸೊಳ್ಳೆಯ ಲಾರ್ವಾ ಬೆಳೆಸುವುದನ್ನೂ ನಾವು ಸೂಚಿಸುವುದಿಲ್ಲ. ಎರಡು ದಿನ ಮರೆತರೂ ಅವು ಸೊಳ್ಳೆಯಾಗಿ ಹಾರುತ್ತವೆ, ಡೆಂಗಿಗೆ ದಾರಿಯಾಗುತ್ತದೆ. ಕಳಿತ ಬಾಳೆಹಣ್ಣಿನ ಚೂರನ್ನು ಬಾಟಲಿಯಲ್ಲಿಟ್ಟರೆ ಮುತ್ತುವ ಹಣ್ಣಿನ ನೊಣ ಅದಕ್ಕಿಂತ ಒಳ್ಳೆಯದು: ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಮಂಕಾಗಿಸಿ ನೀರಿನ ಮೇಲೆ ಕೊಡವಿ.

ಮುಂಗಾರಿನ ಮೊದಲ ಮಳೆಗೆ ದೀಪಕ್ಕೆ ಮುತ್ತುವ ಈಸಲು ಹುಳುಗಳನ್ನು ಕಂಡರೆ ಡ್ಯಾನಿಯೊಗೆ ಹಬ್ಬ. ರೆಕ್ಕೆ ಕಿತ್ತು ಮೀನಿಗೆ ಎರಡರಂತೆ ಕೊಡಿ. ಕೊಬ್ಬು ಜಾಸ್ತಿ, ಅದಕ್ಕಿಂತ ಹೆಚ್ಚು ಬೇಡ. ಕೀಟನಾಶಕ ಸಿಂಪಡಿಸಿದ ಮನೆಯಲ್ಲಿ ಹಿಡಿದವನ್ನು ಮುಟ್ಟಲೇಬೇಡಿ.

ಎಡವಟ್ಟಾದಾಗ

ಹೊಟ್ಟೆ ಉಬ್ಬಿ ಮೀನು ಮಂಕಾದರೆ ಎರಡು ದಿನ ಏನೂ ಕೊಡದೆ, ಮೂರನೇ ದಿನ ಡಾಫ್ನಿಯಾದಿಂದ (ಸಿಹಿನೀರಿನ ಪುಟ್ಟ ಜೀವಿ) ಶುರು ಮಾಡಿ. ತಳದಲ್ಲಿ ಪೆಲೆಟ್ ಉಳಿದಿದ್ದರೆ ಮೀನು ಆಮೇಲೆ ತಿಂದೀತು ಎಂದು ಕಾಯಬೇಡಿ. ಆಗಲೇ ಪೈಪಿನಿಂದ ಎಳೆದು ತೆಗೆದು ಮರುದಿನದ ಪಾಲನ್ನು ಕಾಲು ಭಾಗ ಇಳಿಸಿ. ಹೊಸದಾಗಿ ತಂದ ಮೀನಿಗೆ ಮೊದಲ ದಿನ ಏನೂ ಬೇಡ. ಬೇಸಿಗೆಯಲ್ಲಿ ನೀರು 28 ಡಿಗ್ರಿ ದಾಟಿದರೆ ಅದರಲ್ಲಿ ಕರಗಿರುವ ಆಮ್ಲಜನಕ ತಗ್ಗುತ್ತದೆ, ಅರಗಿಸಿಕೊಳ್ಳಲು ಅದೇ ಬೇಕು. ಅಂಥ ದಿನಗಳಲ್ಲಿ ಆಹಾರ ಅರ್ಧಕ್ಕಿಳಿಸಿ, ಮಧ್ಯಾಹ್ನದ್ದನ್ನು ಬಿಟ್ಟುಬಿಡಿ, ಏರ್ ಪಂಪ್ ರಾತ್ರಿಯೂ ಓಡಲಿ.