ಟೈರ್ ಗಾಳಿ ಎಡ್ಜ್ ಪರದೆ ಮೇಲೆ: ನಾಲ್ಕೈದು ಸಾವಿರದಲ್ಲಿ ನಾನು ಮಾಡಿಕೊಂಡಿದ್ದು

ಹ್ಯಾಂಡಲ್ ಮೇಲೆ ಕೂರುವ ನನ್ನ ಸೈಕಲ್ ಕಂಪ್ಯೂಟರ್, ಗಾರ್ಮಿನ್ ಎಡ್ಜ್ 530ರ ಪರದೆಯಲ್ಲಿ ಈಗ ವೇಗ, ಹೃದಯ ಬಡಿತದ ಕೆಳಗೆ ಇನ್ನೆರಡು ಅಂಕಿ ಇರುತ್ತವೆ. ಮುಂದಿನ ಟೈರ್ 64, ಹಿಂದಿನದು 69, ಟೈರ್ ಒಳಗಿನ ಗಾಳಿಯ ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ. ಚಿಕ್ಕಬಳ್ಳಾಪುರದಲ್ಲಿ ಬೆಳಿಗ್ಗೆ ಜೊತೆಗೆ ತುಳಿಯುವ ಗೆಳೆಯರಲ್ಲಿ ಇದು ಆಗುತ್ತೆ ಅಂತ ನಂಬಿದವರು ಒಬ್ಬರೂ ಇರಲಿಲ್ಲ. "ಹೆಬ್ಬೆರಳಲ್ಲಿ ಒತ್ತಿದ್ರೆ ಗೊತ್ತಾಗಲ್ವಾ ಗುರು, ಇದಕ್ಕೂ ಬ್ಲೂಟೂತ್ ಬೇಕಾ?" ಅಂತ ನಕ್ಕಿದ್ದರು. ಹಾಗೆ ನಕ್ಕವರಲ್ಲೇ ಇಬ್ಬರು ಈಗ ವಾಲ್ವ್ ತುದಿಗೆ ಹಾಕುವ ಅದೇ ಸೆನ್ಸರ್ ಕ್ಯಾಪ್ ತರಿಸಿಕೊಡು ಅಂತ ಬೆನ್ನು ಹತ್ತಿದ್ದಾರೆ. ಪ್ರತಿಯೊಬ್ಬರಿಗೂ ಮತ್ತೆ ಮತ್ತೆ ಹೇಳೋದಕ್ಕಿಂತ ಬರೆದುಬಿಡೋಣ ಅನ್ನಿಸಿತು.

ದುಡ್ಡಿದ್ದವರಿಗೆ ರೆಡಿಮೇಡ್ ದಾರಿ ಇದೆ. ಕ್ವಾರ್ಕ್ ಕಂಪನಿಯವರು 2018ರಲ್ಲೇ ಟೈರ್‌ವಿಜ್ ಅನ್ನೋ ಒತ್ತಡದ ಸೆನ್ಸರ್ ತಂದರು. ಪ್ರೆಸ್ಟಾ (ರೋಡ್ ಸೈಕಲ್‌ಗಳ ಸಣ್ಣ ವಾಲ್ವ್) ಮೇಲೆ ಕೂರುತ್ತೆ, ಒಂದೊಂದೂ ಹತ್ತು ಗ್ರಾಂ ಆಸುಪಾಸು, ಆಂಟ್ ಪ್ಲಸ್ ಅನ್ನೋ ಸೈಕಲ್ ಸೆನ್ಸರ್‌ಗಳ ವೈರ್‌ಲೆಸ್‌ನಲ್ಲೂ ಬ್ಲೂಟೂತ್‌ನಲ್ಲೂ ಮಾತಾಡುತ್ತೆ, ಒಂದು ಪುಟ್ಟ ಆಪ್ ಹಾಕಿಕೊಂಡರೆ ಎಡ್ಜ್‌ನಲ್ಲೂ ಓದಬಹುದು. ಒಳ್ಳೆಯ ವಸ್ತು, ತಕರಾರಿಲ್ಲ. ಆದರೆ ಸುಂಕ, ಸಾಗಾಟ ಎಲ್ಲ ಸೇರಿಸಿ ನಾನು ಲೆಕ್ಕ ಹಾಕಿದಾಗ ಜೋಡಿಗೆ ಇಪ್ಪತ್ತು ಸಾವಿರದ ಹತ್ತಿರ ಬಂತು. ಅಷ್ಟು ದುಡ್ಡಿಗೆ ನಾನು ಒಂದು ಜೊತೆ ಚಕ್ರಾನೇ ಹುಡುಕ್ತೀನಿ.

ಮೊದಲು ತರಿಸಿದ್ದು ಮೋಟಾರ್ ಬೈಕಿನ ಟೈರ್ ಒತ್ತಡ ನೋಡುವ ಸೆಟ್. ಎರಡು ಕ್ಯಾಪ್, ಜೊತೆಗೆ ಹ್ಯಾಂಡಲ್‌ಗೆ ಕಟ್ಟುವ ಪುಟ್ಟ ಪರದೆ, ಸಾವಿರದ ಎಂಟುನೂರೋ ಏನೋ ಆಯ್ತು. ಅದು ಮಾತಾಡೋದು 433 ಮೆಗಾಹರ್ಟ್ಸ್‌ನಲ್ಲಿ. ಎಡ್ಜ್‌ಗೆ ಕೇಳಿಸೋದು 2.4 ಗಿಗಾಹರ್ಟ್ಸ್ ಮಾತ್ರ. ನಡುವೆ ಒಂದು ರಿಸೀವರ್ ಕೂರಿಸಿ ಬ್ಲೂಟೂತ್‌ಗೆ ತಿರುಗಿಸಬಹುದು ಅಂತ ಒಂದಿಷ್ಟು ಭಾನುವಾರ ಕಳೆದೆ. ಬೋರ್ಡು, ಬ್ಯಾಟರಿ, ಡಬ್ಬಿ ಎಲ್ಲ ಸೇರಿ ಹ್ಯಾಂಡಲ್ ಮೇಲೆ ಒಂದು ಮೀಟರ್ ಬಾಕ್ಸ್ ಆಗ್ತಿತ್ತು. ಬಿಟ್ಟೆ. ಆ ಸೆಟ್ ಈಗ ಅಕ್ಕನ ಮಗನ ಬೈಕಿನಲ್ಲಿ ಸುಖವಾಗಿದೆ.

ಆಮೇಲೆ ಬ್ಲೂಟೂತ್ ಕ್ಯಾಪ್. ಇವು ಅಗ್ಗ. ಯಾವ ಪೇರಿಂಗೂ ಬೇಡ, ಒತ್ತಡವನ್ನು ಗಾಳಿಯಲ್ಲಿ ಕೂಗಿ ಸುಮ್ಮನಾಗುತ್ತವೆ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಕೊಳ್ಳುವಾಗ ಗರಿಷ್ಠ ಒತ್ತಡ ಎಷ್ಟು ಅಂತ ಓದಿಕೊಳ್ಳಿ. ಕಾರಿಗೆ ಅಂತ ಮಾಡಿದ ಕೆಲವು ಐವತ್ತು ಪಿಎಸ್‌ಐಗೇ ನಿಂತುಬಿಡುತ್ತವೆ. ನನ್ನ ಹೈಬ್ರಿಡ್ ಸೈಕಲ್‌ನಲ್ಲಿ ಇದ್ದದ್ದು ಶ್ರೇಡರ್ ವಾಲ್ವ್, ಕಾರು ಬೈಕಿನಲ್ಲಿ ಇರೋ ಥರದ್ದು, ಅಲ್ಲಿ ಹಾಕಿದ ಕೂಡಲೇ ಕೆಲಸ ಮಾಡಿತು. ತಲೆನೋವು ಶುರುವಾದದ್ದು ಪ್ರೆಸ್ಟಾ ಇರೋ ರೋಡ್ ಸೈಕಲ್‌ನಲ್ಲಿ.

ಪ್ರೆಸ್ಟಾಗೆ ಹಿತ್ತಾಳೆ ಅಡಾಪ್ಟರ್ ಸಿಗುತ್ತಲ್ಲ, ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹೊಡೆಸೋಕೆ ನಾವೆಲ್ಲ ಇಟ್ಟುಕೊಂಡಿರೋದು, ಅದನ್ನು ಹಾಕಿ ಮೇಲೆ ಕ್ಯಾಪ್ ತಿರುಗಿಸಿದೆ. ಪರದೆಯಲ್ಲಿ ಸೊನ್ನೆ. ಪ್ರೆಸ್ಟಾ ತುದಿಯ ಪುಟ್ಟ ನಟ್ ಸಡಿಲ ಮಾಡಿದರೂ ಸೊನ್ನೆ. ಪ್ರೆಸ್ಟಾ ಒಳಗಿನ ಗಾಳಿಯ ಒತ್ತಡದಿಂದಲೇ ಮುಚ್ಚಿಕೊಳ್ಳುತ್ತೆ, ಶ್ರೇಡರ್‌ನಲ್ಲಿ ಆಗೋ ಹಾಗೆ ಕ್ಯಾಪ್‌ನ ನಡುವಿನ ಮೂತಿ ಅದರ ಪಿನ್ನನ್ನು ಒತ್ತೋದಿಲ್ಲ, ಹಿತ್ತಾಳೆ ಅಡಾಪ್ಟರ್ ಒಳಗೆ ಬರೀ ಟೊಳ್ಳು. ಕ್ಯಾಪ್‌ವರೆಗೆ ಗಾಳಿ ಬರೋದೇ ಇಲ್ಲ. ವಾಲ್ವ್ ಒಳಗಿನ ಮುಚ್ಚುವ ಭಾಗ, ಕೋರ್, ಅದನ್ನೇ ಪೂರ್ತಿ ಬಿಚ್ಚಿ ತೆಗೆದು ನೋಡಿದೆ. ಓದುತ್ತೆ, ಆದರೆ ಕ್ಯಾಪ್ ತೆಗೆದ ತಕ್ಷಣ ಟೈರ್ ಪೂರಾ ಖಾಲಿ. ರಿಮ್‌ನ ತೂತು ದೊಡ್ಡದು ಮಾಡಿ ಶ್ರೇಡರ್ ಟ್ಯೂಬ್ ಹಾಕು ಅಂತ ಒಬ್ಬರು ಸಲಹೆ ಕೊಟ್ಟರು, ಕಿರಿದಾದ ಅಲಾಯ್ ರಿಮ್‌ಗೆ ಡ್ರಿಲ್ ಇಡೋ ಧೈರ್ಯ ನನಗಿಲ್ಲ.

ಕೊನೆಗೆ ಗೆದ್ದದ್ದು ಅಡಾಪ್ಟರ್ ಒಳಗೇ ಒಂದು ಸಣ್ಣ ತುಂಡು ಕೂರಿಸಿ. ಕ್ಯಾಪ್ ಬಿಗಿದಾಗ ಮೂತಿ ಆ ತುಂಡನ್ನು, ತುಂಡು ಪ್ರೆಸ್ಟಾ ಪಿನ್ನನ್ನು ಒತ್ತುತ್ತೆ. ಕ್ಯಾಪ್ ತೆಗೆದರೆ ಪಿನ್ ತಾನೇ ಮೇಲೆದ್ದು ಮುಚ್ಚಿಕೊಳ್ಳುತ್ತೆ. ಉದ್ದ ಅರ್ಧ ಮಿಲಿಮೀಟರ್ ಹೆಚ್ಚಾದರೂ ಪಿನ್ ಬಾಗುತ್ತೆ, ಕಡಿಮೆಯಾದರೆ ಮತ್ತೆ ಸೊನ್ನೆ. ಪಿನ್ ಬಾಗಿಸಿಕೊಂಡು ಹಾಳಾದ ಟ್ಯೂಬ್‌ಗಳ ಕಟ್ಟು ಶೆಡ್‌ನಲ್ಲಿ ನೇತಾಡ್ತಿದೆ. ತುಂಡು ಯಾವುದರಿಂದ ಮಾಡಿದೆ, ಎಷ್ಟು ಉದ್ದ ಅನ್ನೋದು ನನ್ನಲ್ಲೇ ಇರಲಿ. ಬಾಜಾರ್ ರಸ್ತೆಯ ಯಾವ ಗಡಿಯಾರದ ಅಂಗಡಿಯಲ್ಲೂ ಸಿಗುವ ವಸ್ತು ಅಂತ ಮಾತ್ರ ಹೇಳ್ತೀನಿ. ಅಡಾಪ್ಟರ್ ಬುಡದಲ್ಲಿ ಒಳ್ಳೆಯ ಓ ರಿಂಗ್ ಹಾಕೋದು ಮರೀಬೇಡಿ, ಅಲ್ಲಿಂದಲೇ ರಾತ್ರಿ ಪೂರ್ತಿ ಸೋರುತ್ತೆ. ಕ್ಯಾಪ್ ಬಿಗಿಯುವಾಗ ಒಂದೆರಡು ಪಿಎಸ್‌ಐ ಹೋಗೇ ಹೋಗುತ್ತೆ, ಅಷ್ಟು ಜಾಸ್ತಿ ಹೊಡೆದಿಟ್ಟುಕೊಳ್ಳಿ.

ಮುಂದಿನದು ಅಂಕಿ ಬಿಡಿಸೋದು. ಫೋನಿನಲ್ಲಿ ಬ್ಲೂಟೂತ್ ಸಂದೇಶ ತೋರಿಸುವ ಎನ್‌ಆರ್‌ಎಫ್ ಕನೆಕ್ಟ್ ಆಪ್ ತೆರೆದು ಕ್ಯಾಪ್ ಕಳಿಸುವ ಬೈಟ್‌ಗಳನ್ನು ನೋಡಿದೆ. ಚಕ್ರಕ್ಕೆ ಹಾಕದೆ ಮೇಜಿನ ಮೇಲಿಟ್ಟ ಕ್ಯಾಪ್ ಸೊನ್ನೆ ಹೇಳಬೇಕಲ್ಲ, ಎರಡು ಬೈಟ್ ಸೇರಿಸಿ ಓದಿದರೆ 132 ಅಂತಿತ್ತು. ಅಂದರೆ 13.2 ಪಿಎಸ್‌ಐ. ಈ ಜಾತಿಯ ಕ್ಯಾಪ್ ಸುತ್ತಲಿನ ಗಾಳಿಯ ಒತ್ತಡವನ್ನೂ ಸೇರಿಸಿಯೇ ಕಳಿಸುತ್ತೆ, ಅದರ ಆಪ್ 14.5 ಕಳೆದು ತೋರಿಸುತ್ತೆ. ಮಂಗಳೂರಿನವರಿಗೆ ಅದು ಸರಿ. ನಮ್ಮೂರು ಸಮುದ್ರ ಮಟ್ಟದಿಂದ ಒಂಬೈನೂರು ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ 13.2ರ ಹತ್ತಿರ. ಆಪ್ ಯಾವಾಗಲೂ ಒಂದೂಕಾಲು ಪಿಎಸ್‌ಐ ಕಡಿಮೆ ತೋರಿಸುತ್ತೆ, ಜನ ಕ್ಯಾಪ್ ಡೂಪ್ಲಿಕೇಟ್ ಅಂತ ಬಯ್ಯುತ್ತಾರೆ. ನಂದಿ ಬೆಟ್ಟದ ತುದಿಯಲ್ಲಿ, 1478 ಮೀಟರ್‌ನಲ್ಲಿ, ಅದು 12.3ಕ್ಕೆ ಇಳಿಯುತ್ತೆ, ತಪ್ಪು ಎರಡು ದಾಟುತ್ತೆ. ಎಡ್ಜ್‌ನಲ್ಲೇ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇದೆಯಲ್ಲ, ನಾನು ಬರೆದ ಡೇಟಾ ಫೀಲ್ಡ್ (ಎಡ್ಜ್ ಪರದೆಯಲ್ಲಿ ಅಂಕಿ ತೋರಿಸುವ ಪುಟ್ಟ ಪ್ರೋಗ್ರಾಂ) ಅದರ ಓದನ್ನೇ ತೆಗೆದುಕೊಂಡು ಕಳೆಯುತ್ತೆ. ಬೆಟ್ಟ ಹತ್ತಿದರೂ ಇಳಿದರೂ ಅಂಕಿ ಸರಿ. ಇಷ್ಟು ದುಡ್ಡಿನಲ್ಲಿ ಇದನ್ನು ಮಾಡಿದವರು ಈ ಜಿಲ್ಲೆಯಲ್ಲಿ ಬೇರೆ ಯಾರಾದರೂ ಇದ್ದರೆ ತೋರಿಸಿ, ಕಾಫಿ ಕೊಡಿಸ್ತೀನಿ.

ಡೇಟಾ ಫೀಲ್ಡ್ ಬರೆದದ್ದು ಗಾರ್ಮಿನ್‌ನವರ ಆಪ್ ವೇದಿಕೆ ಕನೆಕ್ಟ್ ಐಕ್ಯೂನಲ್ಲಿ, ಮಂಕಿ ಸಿ ಭಾಷೆ. ಬ್ಲೂಟೂತ್ ಕೇಳಿಸಿಕೊಳ್ಳುವ ಅನುಮತಿ ಡೇಟಾ ಫೀಲ್ಡ್‌ಗೂ ಇದೆ, ಅದೇ ದೊಡ್ಡ ಪುಣ್ಯ. ಬಿಡದೆ ಸ್ಕ್ಯಾನ್ ಮಾಡಿದರೆ ಎಡ್ಜ್ ಬ್ಯಾಟರಿ ಬೇಗ ಬರಿದಾಗುತ್ತೆ, ಹಾಗಾಗಿ ಬಿಟ್ಟು ಬಿಟ್ಟು ಮಾಡಿಸಿದ್ದೀನಿ. ಎಷ್ಟು ಬಿಟ್ಟು ಅನ್ನೋದು ನಿಮ್ಮ ಕ್ಯಾಪ್ ಎಷ್ಟು ಹೊತ್ತಿಗೊಮ್ಮೆ ಕೂಗುತ್ತೆ ಅನ್ನೋದರ ಮೇಲಿದೆ, ನೀವೇ ಹುಡುಕಿಕೊಳ್ಳಿ. ನನ್ನವು ನಿಂತಾಗ ನಿದ್ದೆ ಹೋಗ್ತವೆ, ಚಕ್ರ ಉರುಳಿದರೆ ಏಳ್ತವೆ, ಒತ್ತಡ ಸರ್ರನೆ ಇಳಿದರೆ ತಕ್ಷಣ ಕೂಗ್ತವೆ. ಓದಿದ ಅಂಕಿಯನ್ನು ಸವಾರಿ ದಾಖಲಾಗುವ ಫಿಟ್ ಫೈಲಿಗೂ ಬರೆಸಿದ್ದೀನಿ, ಮನೆಗೆ ಬಂದು ಗ್ರಾಫ್ ನೋಡಬಹುದು.

ತೂಕದ ವಿಷಯ. ಕ್ಯಾಪ್, ಹಿತ್ತಾಳೆ ಎರಡೂ ಸೇರಿ ಹದಿನಾಲ್ಕು ಹದಿನೈದು ಗ್ರಾಂ ಇರಬೇಕು. ಬೆಟ್ಟದ ಇಳಿಜಾರಿನಲ್ಲಿ ಐವತ್ತು ದಾಟಿದರೆ ಮುಂದಿನ ಚಕ್ರ ಗಡಗಡ. ಬೈಕ್ ಗ್ಯಾರೇಜ್‌ನಲ್ಲಿ ಅಂಟಿಸುವ ಸೀಸದ ತುಂಡು ಇರುತ್ತಲ್ಲ, ಅದನ್ನು ವಾಲ್ವ್ ಎದುರು ಬದಿ ರಿಮ್‌ಗೆ ಅಂಟಿಸಿ, ಚಕ್ರ ಎತ್ತಿ ತಿರುಗಿಸಿ, ವಾಲ್ವ್ ಕೆಳಗೆ ಬಂದು ನಿಲ್ಲೋದು ತಪ್ಪುವ ತನಕ ಸೇರಿಸುತ್ತಾ ಹೋದೆ. ಗಡಗಡ ನಿಂತಿತು.

ನಕ್ಕವರ ಬಾಯಿ ಮುಚ್ಚಿಸಿದ್ದು ಪೇರೇಸಂದ್ರದಿಂದ ಗುಡಿಬಂಡೆಗೆ ಹೋಗುವ ದಾರಿ. ಗುಂಪಿನಲ್ಲಿ ಹೋಗ್ತಿದ್ದೆವು, ಹಿಂದಿನ ಟೈರ್ 69ರಿಂದ 66, ಆಮೇಲೆ 62. ಎಡ್ಜ್ ಬೀಪ್ ಮಾಡಿತು. ನಿಲ್ಲಿ ಅಂದೆ. "ಏನೂ ಆಗಿಲ್ಲಪ್ಪಾ, ಕ್ಯಾಪ್ ಲೂಸ್ ಇರ್ಬೇಕು" ಅಂತ ಒಬ್ಬ ಒತ್ತಿ ನೋಡಿ ಹೇಳಿದ. ಹೆಬ್ಬೆರಳಿಗೆ 62ಕ್ಕೂ 69ಕ್ಕೂ ಏನು ಗೊತ್ತಾಗುತ್ತೆ? ಟೈರ್ ತಿರುಗಿಸ್ತಾ ಹೋದರೆ ಜಾಲಿ ಮುಳ್ಳು, ಮುರಿದ ತುದಿ ರಬ್ಬರ್ ಸಮಕ್ಕೆ ಕೂತಿತ್ತು, ಉಗುಳು ಹಚ್ಚಿದರೆ ಸಣ್ಣ ಗುಳ್ಳೆ. ಮರದ ನೆರಳಲ್ಲಿ ಟ್ಯೂಬ್ ಬದಲಿಸಿ ಹೊರಟೆವು. ಜಲ್ಲಿ ಲಾರಿಗಳು ಓಡಾಡುವ ಇಳಿಜಾರಲ್ಲಿ ಅದು ಪೂರ್ತಿ ಕೂತಿದ್ದರೆ ಏನಾಗ್ತಿತ್ತು ಅಂತ ನಾನೇನೂ ಹೇಳಲಿಲ್ಲ, ಅವರೇ ಹೇಳಿಕೊಂಡರು.

ಅಂಕಿ ಸಿಗೋಕೆ ಶುರುವಾದ ಮೇಲೆ ಚಟ ಹತ್ತಿತು. ರಾತ್ರಿ ಎಷ್ಟು ಸೋರುತ್ತೆ ಅಂತ ನೋಡಿದೆ: ಮಾಮೂಲಿ ಬ್ಯೂಟೈಲ್ ರಬ್ಬರ್ ಟ್ಯೂಬ್ ಒಂದು ಪಿಎಸ್‌ಐ, ಹೆಚ್ಚೆಂದರೆ ಎರಡು. ಗೆಳೆಯ ಕೊಟ್ಟ ಲೇಟೆಕ್ಸ್ ಟ್ಯೂಬ್ ಹತ್ತಕ್ಕೂ ಹೆಚ್ಚು ಕಳಕೊಂಡಿತ್ತು. ಗುಡಿಬಂಡೆಯಲ್ಲಿ ಟೀ ಕುಡಿಯೋವಾಗ ಬಿಸಿಲಲ್ಲಿ ನಿಲ್ಲಿಸಿದ ಸೈಕಲ್ ಮೂರು ನಾಲ್ಕು ಏರಿತು. ನಂದಿಯಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ರಿಮ್ ಬ್ರೇಕಿನ ಸೈಕಲ್‌ನಲ್ಲಿ ಮುಂದಿನ ಟೈರ್ ನಾಲ್ಕೈದು ಏರುತ್ತೆ, ನನ್ನ ಡಿಸ್ಕ್ ಬ್ರೇಕಿನದರಲ್ಲಿ ಏನೂ ಇಲ್ಲ. ಕ್ಯಾಪ್ ಉಷ್ಣತೆಯನ್ನೂ ಕಳಿಸುತ್ತೆ, ಅದನ್ನು ನಂಬಬೇಡಿ. ಗಾಳಿಗೆ ಒಡ್ಡಿಕೊಂಡ ಕ್ಯಾಪ್‌ಗೆ ಟೈರ್ ಒಳಗಿನ ಬಿಸಿ ಎಲ್ಲಿ ಗೊತ್ತಾಗುತ್ತೆ? ನನ್ನ ಫ್ಲೋರ್ ಪಂಪಿನ ಮೀಟರ್ ಐದು ಪಿಎಸ್‌ಐ ಜಾಸ್ತಿ ಹೇಳ್ತಿತ್ತು ಅನ್ನೋದೂ ಇದರಿಂದಲೇ ಗೊತ್ತಾದದ್ದು. ಇಷ್ಟು ವರ್ಷ ಎಂಬತ್ತು ಅಂದುಕೊಂಡು ಎಪ್ಪತ್ತೈದರಲ್ಲಿ ತುಳೀತಿದ್ದೆ.

ಖರ್ಚು: ಬ್ಲೂಟೂತ್ ಕ್ಯಾಪ್ ಜೋಡಿ ಸಾವಿರದ ಐನೂರರ ಸುತ್ತ, ಅಡಾಪ್ಟರ್, ಓ ರಿಂಗ್, ಸೀಸ ಎಲ್ಲ ಸೇರಿ ಮುನ್ನೂರು. ಹಾಳಾದ ಟ್ಯೂಬ್‌ಗಳು, ಮೊದಲಿನ ಸೆಟ್ ಎಲ್ಲ ಹಿಡಿದರೆ ನಾಲ್ಕೂವರೆ ಸಾವಿರ. ಕ್ಯಾಪ್ ಜೊತೆ ಬರುವ ಗುಂಡಿ ಸೆಲ್ ಎರಡು ತಿಂಗಳಿಗೇ ಹೋಯಿತು, ಒಳ್ಳೆಯ ಕಂಪನಿಯದು ಹಾಕಿದ ಮೇಲೆ ಇನ್ನೂ ನಡೀತಿದೆ. ಈಗ ಟ್ಯೂಬ್‌ಲೆಸ್‌ನಲ್ಲಿ ನೋಡ್ತಿದ್ದೀನಿ. ತೂತು ಮುಚ್ಚೋಕೆ ಟೈರ್ ಒಳಗೆ ಹಾಕುವ ಸೀಲಂಟ್ ದ್ರವ ಅಡಾಪ್ಟರ್ ಒಳಗೆ ನುಗ್ಗಿ ಹೆಪ್ಪುಗಟ್ಟುತ್ತೆ, ಅಂಕಿ ಒಂದೇ ಕಡೆ ನಿಂತುಬಿಡುತ್ತೆ. ವಾಲ್ವ್ ಮೇಲೆ ಬರುವ ಹಾಗೆ ಸೈಕಲ್ ನಿಲ್ಲಿಸಿದರೆ ಸ್ವಲ್ಪ ವಾಸಿ. ಪೂರ್ತಿ ಪರಿಹಾರ ಸಿಕ್ಕವರು ತಿಳಿಸಿ, ಬದಲಿಗೆ ಆ ತುಂಡಿನ ಉದ್ದ ಹೇಳ್ತೀನಿ.