ಕಟ್ಟಡಕ್ಕೆ ಸೆಕ್ಯುರಿಟಿ ಕನ್ಸಲ್ಟೆಂಟ್ ಗೊತ್ತುಮಾಡುವ ಮುಂಚೆ

ತುಮಕೂರಿನಲ್ಲಿ ಗೋದಾಮು ಕಟ್ಟಲಿ, ಕಲ್ಯಾಣ ಮಂಟಪ ಕಟ್ಟಲಿ, ಸೆಕ್ಯುರಿಟಿ ನೆನಪಾಗುವುದು ಪೇಂಟಿಂಗ್ ಮುಗಿದ ಮೇಲೆ. ನಾನು ಮೇಲ್ವಿಚಾರಣೆ ಮಾಡಿದ ಒಂದು ಗೋದಾಮಿನಲ್ಲೂ ಹಾಗೇ ಆಯಿತು. ಅಂಗಡಿಯವರು ಹೇಳಿದಂತೆ 16 ಕ್ಯಾಮೆರಾ ಹಾಕಿಸಿದರು. ವೈರ್ ಎಳೆಯಲು ಹೊಸ ಗೋಡೆ ಕೊರೆದರು. ತಿಂಗಳ ಕೊನೆಗೆ ಸ್ಟಾಕ್ ಎಣಿಸಿದರೆ ಸರಕು ಕಡಿಮೆ. ರೆಕಾರ್ಡಿಂಗ್ ತೆಗೆದು ನೋಡಿದರೆ ಬರೀ 11 ದಿನದ್ದು ಇತ್ತು!

ಮೊದಲ ಹೆಜ್ಜೆ: ಪ್ಲಾನ್ ಅಂತಿಮವಾಗುವ ಮುಂಚೆ ಕನ್ಸಲ್ಟೆಂಟ್, ಅಂದರೆ ಕಟ್ಟಡದ ಭದ್ರತೆ ರೂಪಿಸಿಕೊಡುವ ಸಲಹೆಗಾರರನ್ನು, ಕರೆಸಿ. ಸ್ಲ್ಯಾಬ್ ಹಾಕುವಾಗಲೇ ಪೈಪ್ ಹೂತುಬಿಟ್ಟರೆ ಚಿಲ್ಲರೆ ಖರ್ಚು.

ಎರಡನೆಯದು, ಕಾಗದ. ಇಲ್ಲೇ ಜಾಸ್ತಿ ಜನ ಏಮಾರುವುದು. 'ನಮಗೆ ಪಸಾರಾ ಲೈಸೆನ್ಸ್ ಇದೆ' ಅಂತ ಫ್ರೇಮ್ ಹಾಕಿಸಿ ತೋರಿಸುತ್ತಾರೆ. ಅದು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಗಾರ್ಡ್ ಒದಗಿಸುವ ಏಜೆನ್ಸಿಗೆ ಕೊಡುವ ಲೈಸೆನ್ಸ್, ಕಟ್ಟಡದ ಭದ್ರತೆ ರೂಪಿಸಲು ಬರುತ್ತದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಎಎಸ್‌ಐಎಸ್ ಅನ್ನುವ ಭದ್ರತಾ ವೃತ್ತಿಪರರ ಅಂತರರಾಷ್ಟ್ರೀಯ ಸಂಸ್ಥೆಯ ಪಿಎಸ್‌ಪಿ (ಕಟ್ಟಡ, ಆವರಣಗಳ ಭದ್ರತೆಗೆ) ಅಥವಾ ಸಿಪಿಪಿ (ಒಟ್ಟಾರೆ ಭದ್ರತಾ ನಿರ್ವಹಣೆಗೆ) ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು. ಅದನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು, ತಾರೀಖು ನೋಡಿ. ನಿವೃತ್ತ ಪೊಲೀಸ್ ಅಧಿಕಾರಿಗಳಿಗೆ ಕಳ್ಳರ ಬುದ್ಧಿ ಗೊತ್ತಿರುತ್ತದೆ ನಿಜ, ಆದರೆ ಡ್ರಾಯಿಂಗ್ ಓದಲು ಬರುತ್ತದಾ ಕೇಳಿ.

ಇನ್ನು ಅಸಲಿ ಪರೀಕ್ಷೆ ಸೈಟಿನಲ್ಲಿ. ಆಫೀಸಿನಲ್ಲಿ ಕಾಫಿ ಕುಡಿಯುತ್ತಾ ಇಂಟರ್‌ವ್ಯೂ ಮಾಡಬೇಡಿ. ಸೈಟಿಗೆ ಕರೆದುಕೊಂಡು ಹೋಗಿ, ನೀವು ಬಾಯಿ ಮುಚ್ಚಿಕೊಂಡು ಹಿಂದೆ ನಡೆಯಿರಿ. ಗೇಟಿನಲ್ಲೇ ನಿಂತು 'ಸಾರ್, 24 ಕ್ಯಾಮೆರಾ ಬೇಕು' ಅಂದರೆ ಅಲ್ಲೇ ಕೈಮುಗಿದು ಕಳಿಸಿ. ಕೆಲಸ ಗೊತ್ತಿರುವವರು ಹಿಂದಿನ ಮೋರಿ ನೋಡುತ್ತಾರೆ, ಪಕ್ಕದ ಮನೆ ತಾರಸಿಯಿಂದ ಇತ್ತ ಹಾರಬಹುದಾ ನೋಡುತ್ತಾರೆ, ಒಳಗೆ ಏನಿಡುತ್ತೀರಿ, ರಾತ್ರಿ ಯಾರಿರುತ್ತಾರೆ, ಬೀಗದ ಕೈ ಎಷ್ಟು ಜನರ ಹತ್ತಿರ ಇದೆ ಅಂತ ನಿಮ್ಮನ್ನೇ ಕೇಳಿ ಕೇಳಿ ಸುಸ್ತು ಮಾಡುತ್ತಾರೆ.

ನೀವು ಎರಡೇ ಪ್ರಶ್ನೆ ಕೇಳಿ. ತುರ್ತು ಬಾಗಿಲಿಗೆ ಏನು ಮಾಡೋಣ? 'ಬೀಗ ಜಡಿಯಿರಿ' ಅಂದರೆ ಆ ಮನುಷ್ಯ ಬೇಡವೇ ಬೇಡ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಅದು ಒಳಗಿನಿಂದ ಬೀಗದ ಕೈ ಇಲ್ಲದೆ ತೆರೆಯಬೇಕು. ಎರಡನೇ ಪ್ರಶ್ನೆ, 30 ದಿನದ ರೆಕಾರ್ಡಿಂಗಿಗೆ ಎಷ್ಟು ಹಾರ್ಡ್ ಡಿಸ್ಕ್ ಬೇಕು? ಕೂತು ಲೆಕ್ಕ ಹಾಕಿ ತೋರಿಸಲಿ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಕಳಿಸಿದರೆ ದಿನಕ್ಕೆ 21.6 ಜಿಬಿ, 16 ಕ್ಯಾಮೆರಾಕ್ಕೆ 30 ದಿನಕ್ಕೆ ಹತ್ತು ಟಿಬಿ ದಾಟುತ್ತದೆ. ನಮ್ಮ ಗೋದಾಮಿಗೆ ಕೊಟ್ಟಿದ್ದು 4 ಟಿಬಿ. ಅಂದಹಾಗೆ, ಒಂದೇ ಸಲಕ್ಕೆ ನೂರು ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಿಗೆ 30 ದಿನದ ದೃಶ್ಯ ಇಟ್ಟುಕೊಳ್ಳುವುದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಲ್ಲೇ ಇದೆ. ಮಂಟಪದವರು ಗಮನಿಸಿ.

ಫೀಸು ಮೊದಲೇ ಇಷ್ಟು ಅಂತ ನಿಗದಿ ಮಾಡಿ. ಸಾಮಾನಿನ ಬೆಲೆಯ ಮೇಲೆ ಪರ್ಸೆಂಟೇಜ್ ಮಾತ್ರ ಬೇಡ, ಕ್ಯಾಮೆರಾ ಸುಮ್ನೆ ಜಾಸ್ತಿ ಆಗುತ್ತವೆ. 'ಸಲಹೆ ಫ್ರೀ, ಸಾಮಾನು ನಮ್ಮಲ್ಲೇ ತಗೊಳ್ಳಿ' ಅನ್ನುವವರು ಅಂಗಡಿಯವರು, ಅಷ್ಟೇ. ಯಾರಿಂದಲೂ ಕಮಿಷನ್ ತೆಗೆದುಕೊಳ್ಳುವುದಿಲ್ಲ ಅಂತ ಬರೆಸಿಕೊಳ್ಳಿ. ಅಪಾಯದ ವರದಿ, ಕ್ಯಾಮೆರಾ ಜಾಗ ಗುರುತಿಸಿದ ನಕ್ಷೆ, ಬ್ರಾಂಡ್ ಹೆಸರು ಹಾಕದೆ ಬರೆದ ಸಾಮಾನಿನ ಪಟ್ಟಿ, ಈ ಮೂರೂ ಕೈಗೆ ಬರಬೇಕು. ಬಿಲ್ಲೇ ಇಲ್ಲದ ಅಗ್ಗದ ಕ್ಯಾಮೆರಾ ತಂದೀರಿ ಜೋಕೆ, 2025ರ ಏಪ್ರಿಲ್‌ನಿಂದ ಸೈಬರ್ ಭದ್ರತೆ ಪರೀಕ್ಷೆ ಪಾಸಾಗಿರಬೇಕು ಅನ್ನುವ ನಿಯಮ ಬಂದಿದೆ.

ಕೊನೆಯ ಕಂತು ತಕ್ಷಣ ಕೊಡಬೇಡಿ. ಒಂದು ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿಸಿ, ನಿಮ್ಮ ಕಡೆಯ ಹುಡುಗನೊಬ್ಬನನ್ನು ಹೆಡ್‌ಲೈಟ್ ಹಾಕಿಕೊಂಡೇ ಬೈಕಿನಲ್ಲಿ ಗೇಟಿನೊಳಗೆ ಬರಲು ಹೇಳಿ. ಬೆಳಿಗ್ಗೆ ರೆಕಾರ್ಡಿಂಗ್ ಹಾಕಿಸಿ. ನಂಬರ್ ಪ್ಲೇಟ್ ಓದಲು ಬಂದರೆ ಚೆಕ್ ಬರೆಯಿರಿ.