ಆಮದು ಹೈಬ್ರಿಡ್ ಕ್ಯಾಂಪರ್ ವ್ಯಾನ್ ದಿನಬಳಕೆಗೆ: ಪುಣೆಯಲ್ಲಿ ಕೊಳ್ಳುವವರು ತಿಳಿದಿರಬೇಕಾದದ್ದು

ಪುಣೆಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ವರ್ಷಕ್ಕೆ ಮೂರು ನಾಲ್ಕು ಬಾರಿ ಬೆಳಗಾವಿ, ಧಾರವಾಡಗಳ ದಾರಿ ಹಿಡಿಯುವುದು ತಪ್ಪಿದ್ದಲ್ಲ. ನಡುವೆ ಅಂಬೋಲಿಯಲ್ಲೋ ಗೋವೆಯ ಕಡಲತೀರದಲ್ಲೋ ಒಂದು ರಾತ್ರಿ ಗಾಡಿಯಲ್ಲೇ ಮಲಗುವ ಆಸೆಯೂ ಸಹಜವೇ. ಆದರೆ ಲೆಕ್ಕ ಹಾಕಿ ನೋಡಿದರೆ ಆ ಗಾಡಿ ಹಾಸಿಗೆಯಾಗುವುದು ವರ್ಷಕ್ಕೆ ಹೆಚ್ಚೆಂದರೆ ಇಪ್ಪತ್ತೈದು ರಾತ್ರಿ. ಉಳಿದ ದಿನಗಳಲ್ಲಿ ಅದು ಮಕ್ಕಳನ್ನು ಶಾಲೆಗೆ ಬಿಡಬೇಕು, ಹಿಂಜವಡಿಯ ವಾಹನ ದಟ್ಟಣೆಯಲ್ಲಿ ತೆವಳಬೇಕು, ಸೊಸೈಟಿಯ ಬೇಸ್‌ಮೆಂಟಿನಲ್ಲಿ ನಿಲ್ಲಬೇಕು. ಆದ್ದರಿಂದ ಗಾಡಿಯನ್ನು ಈ ಉಳಿದ ದಿನಗಳಿಗೆ ತಕ್ಕಂತೆ ಆರಿಸಿಕೊಂಡು, ಮಲಗುವ ಏರ್ಪಾಡನ್ನು ಬಿಚ್ಚಿ ತೆಗೆಯಬಹುದಾದ ಸಾಮಾನಿನಲ್ಲಿ ಮಾಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಬ್ರಿಟನ್, ನ್ಯೂಜಿಲೆಂಡ್‌ಗಳಲ್ಲಿ ಜಪಾನಿನಿಂದ ತರಿಸಿದ ಹಳೆಯ ಟೊಯೊಟಾ ಎಸ್ಟಿಮಾ, ಆಲ್ಫಾರ್ಡ್ ಹೈಬ್ರಿಡ್‌ಗಳನ್ನು (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಗಾಡಿಗಳನ್ನು) ಕ್ಯಾಂಪರ್, ಅಂದರೆ ಒಳಗೇ ಮಲಗುವ ಗಾಡಿ, ಮಾಡಿಕೊಂಡವರ ವಿಡಿಯೊ ನೋಡಿ, ನಾವೂ ಒಂದನ್ನು ತರಿಸೋಣವೆಂದು ಹೊರಡುವವರು ಮೊದಲು ಕಾನೂನನ್ನು ಓದಬೇಕು. ನಮ್ಮ ಆಮದು ನೀತಿಯ ಪ್ರಕಾರ ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟಿಯರಿಂಗ್ ಬಲಕ್ಕಿರಬೇಕು, ಇನ್ನೂ ಐದು ವರ್ಷ ಓಡುವ ಯೋಗ್ಯತೆ ಇರಬೇಕು ಮತ್ತು ಅದು ಮುಂಬೈ ಬಂದರಿನ ಮೂಲಕವೇ ಇಳಿಯಬೇಕು. ಎಸ್ಟಿಮಾದ ತಯಾರಿಕೆ 2019ರಲ್ಲೇ ನಿಂತಿರುವುದರಿಂದ ಅದರ ಬಾಗಿಲು ನಮಗೆ ಮುಚ್ಚಿದೆ. ಮೂರು ವರ್ಷದೊಳಗಿನ ಗಾಡಿ ಸಿಕ್ಕರೂ ಆಮದು ಸುಂಕವೇ ಅದರ ಬೆಲೆಯನ್ನು ಮೀರುತ್ತದೆ. ಅದರ ಮೇಲೆ ಜಿಎಸ್‌ಟಿ, ಬಳಿಕ ಮಹಾರಾಷ್ಟ್ರದಲ್ಲಿ ಆಮದು ವಾಹನಕ್ಕೆ ಶೇ 20ರ ಒಂದಾವರ್ತಿ ರಸ್ತೆ ತೆರಿಗೆ. ಅಣ್ಣನ ವಿಳಾಸ ಕೊಟ್ಟು ಬೆಳಗಾವಿಯಲ್ಲಿ ನೋಂದಾಯಿಸಿದರಾಯಿತು ಎನ್ನುವವರಿದ್ದಾರೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ವಾಹನಕ್ಕೆ ಅಲ್ಲಿನ ಹೊಸ ನೋಂದಣಿ ಕಡ್ಡಾಯ, ಆದ್ದರಿಂದ ಆ ದಾರಿ ಹಿಡಿಯಬೇಡಿ.

ಹಾಗಾದರೆ ಉಳಿಯುವ ದಾರಿ ಯಾವುದು? ಕಂಪನಿಯೇ ಆಮದು ಮಾಡಿ, ಇಲ್ಲಿ ಮಾರಿ, ಇಲ್ಲೇ ನೋಂದಣಿಯಾದ ಗಾಡಿಯನ್ನು ಎರಡನೆಯ ಕೈಯಲ್ಲಿ ಕೊಳ್ಳುವುದು. ಆಲ್ಫಾರ್ಡ್‌ನ ಒಡಹುಟ್ಟಾದ ವೆಲ್‌ಫೈರ್ 2020ರಲ್ಲಿ ಭಾರತಕ್ಕೆ ಬಂತು, 2.5 ಲೀಟರ್ ಪೆಟ್ರೋಲ್ ಹೈಬ್ರಿಡ್, ಆಗಿನ ಶೋರೂಂ ಬೆಲೆ 79.5 ಲಕ್ಷ ರೂಪಾಯಿ, ಘೋಷಿತ ಮೈಲೇಜ್ ಲೀಟರಿಗೆ 16.35 ಕಿಲೋಮೀಟರ್. ಇದರ ಮೂರನೆಯ ಸಾಲಿನ ಆಸನಗಳು ಎರಡು ಪಕ್ಕಕ್ಕೂ ಮಡಚಿಕೊಳ್ಳುವುದರಿಂದ ಹಿಂಭಾಗದ ನೆಲ ತೆರವಾಗುತ್ತದೆ. ನೋಡಲು ಹೋದಾಗ ಚಪ್ಪಲಿ ಬಿಟ್ಟು ಒಳಗೆ ಹತ್ತಿ, ನಡುಸಾಲನ್ನು ಮುಂದಕ್ಕೆ ತಳ್ಳಿ, ನಿಜವಾಗಿ ಮಲಗಿ ನೋಡಿ. ಮಾರುವವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನೂ ಕರೆದೊಯ್ಯಿರಿ. ಇಷ್ಟು ಹಣ ಹೂಡಲಾಗದವರಿಗೆ ನಮ್ಮ ಬಿಡದಿಯಲ್ಲೇ ತಯಾರಾಗುವ ಇನೋವಾ ಹೈಕ್ರಾಸ್ ಹೈಬ್ರಿಡ್ ಇದೆ. ಅದು ಆಮದಿನದಲ್ಲ, ಆದರೆ ಕೆಳಗಿನ ಮಾತುಗಳು ಹೆಚ್ಚುಕಡಿಮೆ ಅದಕ್ಕೂ ಅನ್ವಯಿಸುತ್ತವೆ.

ಮುಂಗಡ ಕೊಡುವ ಮೊದಲು ನಿಲ್ಲಿಸುವ ಜಾಗವನ್ನು ಅಳೆಯಿರಿ. ವೆಲ್‌ಫೈರ್‌ನ ಎತ್ತರ ಮಾದರಿಗೆ ತಕ್ಕಂತೆ ಸುಮಾರು 1.9ರಿಂದ 1.95 ಮೀಟರ್, ಉದ್ದ ಐದು ಮೀಟರಿಗೆ ಸ್ವಲ್ಪವೇ ಕಡಿಮೆ. ನಮ್ಮ ಸೊಸೈಟಿಯ ಇಳಿಜಾರಿನ ಬಾಯಲ್ಲಿ 2.1 ಮೀಟರ್ ಎಂದು ಬರೆದಿದೆ. ನಾನು ಅಷ್ಟೇ ಉದ್ದದ ಪ್ಲಾಸ್ಟಿಕ್ ಪೈಪೊಂದನ್ನು ನೆಟ್ಟಗೆ ಹಿಡಿದು ಒಳಗೆ ನಡೆದಾಗ, ನನ್ನ ಜಾಗಕ್ಕೆ ತಿರುಗುವಲ್ಲಿ ಬೆಂಕಿ ಆರಿಸುವ ನೀರಿನ ಕೆಂಪು ಕೊಳವೆಗೆ ಅದು ಟಣ್ಣೆಂದು ಬಡಿಯಿತು. ಕೊಳವೆಯ ಕೆಳಗೆ ಇದ್ದದ್ದು ಎರಡು ಮೀಟರಿಗೆ ಒಂದು ಬೆರಳು ಹೆಚ್ಚು, ಅಷ್ಟೆ. ಗಾಡಿ ನುಸುಳುತ್ತದೆ, ಅದರ ಮೇಲೆ ಡೇರೆಯನ್ನೋ ಸಾಮಾನಿನ ಕಟ್ಟೆಯನ್ನೋ ಕೂರಿಸಿದರೆ ನುಸುಳುವುದಿಲ್ಲ.

ಮೇಲ್ಛಾವಣಿ ಕತ್ತರಿಸಿ ಎತ್ತುವ ಛಾವಣಿ ಕೂರಿಸುವುದು, ಆಸನ ಕಿತ್ತು ಅಡುಗೆಕಟ್ಟೆ ಕಟ್ಟುವುದು ಮುಂತಾದವಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ನಿಗದಿಪಡಿಸಿದ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕ್ಯಾರವಾನ್‌ಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ, ಅದರ ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆಯೂ ನಮ್ಮ ಪುಣೆಯ ವೇತಾಳ ಟೆಕಡಿಯಲ್ಲೇ ಇದೆ. ಆದರೆ ಒಬ್ಬ ವ್ಯಕ್ತಿಯ ಒಂದು ಗಾಡಿಗೆ ಅಷ್ಟೆಲ್ಲ ಓಡಾಟ ತಕ್ಕದ್ದಲ್ಲ. ಮೂರು ತುಂಡಿನ ಪ್ಲೈವುಡ್ ಹಲಗೆ, ಮಡಚುವ ಹಾಸಿಗೆ, ಕಿಟಕಿಗೆ ಅಂಟಿಸುವ ಪರದೆ, ಒಂದು ಪೆಟ್ಟಿಗೆ ಪಾತ್ರೆ ಇವಿಷ್ಟು ಸಾಕು. ಸೋಮವಾರ ಬೆಳಿಗ್ಗೆ ಎಲ್ಲವನ್ನೂ ಇಳಿಸಿದರೆ ಅದು ಮತ್ತೆ ಮನೆಯ ಕಾರು. ಅಡುಗೆಯನ್ನು ಹೊರಗೇ ಮಾಡಿ.

ಹೈಬ್ರಿಡ್ ಎಂಬ ಕಾರಣಕ್ಕೆ ಇನ್ನೂ ಕೆಲವು ಎಚ್ಚರ ಬೇಕು. ದೊಡ್ಡ ಬ್ಯಾಟರಿಯನ್ನು ತಂಪಾಗಿಡುವ ಗಾಳಿಯನ್ನು ಟೊಯೊಟಾದ ಬಹುತೇಕ ಹೈಬ್ರಿಡ್‌ಗಳು ಗಾಡಿಯ ಒಳಗಿನಿಂದಲೇ, ಆಸನದ ಬಳಿಯ ಜಾಲರಿಯ ಮೂಲಕ ಸೆಳೆಯುತ್ತವೆ. ಹಾಸಿಗೆ ಹಾಸಿದಾಗ ಜಾಲರಿ ಮುಚ್ಚಿಹೋದರೆ, ಹತ್ತಿಯ ನೂಲು ಸಿಕ್ಕಿಕೊಂಡರೆ ಬ್ಯಾಟರಿ ಕಾಯುತ್ತದೆ. ನಾನು ಮೊದಲ ವರ್ಷ ಜಾಲರಿ ತೆಗೆದು ನೋಡಿದಾಗ ಬೆರಳ ತುದಿಯಷ್ಟು ದಪ್ಪದ ಬೂದುಬಣ್ಣದ ನೂಲಿನ ಪದರ ಸುರುಳಿಯಾಗಿ ಬಂತು. ಅಂದಿನಿಂದ ಪ್ರತಿ ಪ್ರವಾಸದ ನಂತರ ಅಲ್ಲಿ ವ್ಯಾಕ್ಯೂಮ್ ಹಿಡಿಯುತ್ತೇನೆ. ದೀಪ, ಫ್ಯಾನು, ಫೋನಿಗೆ ಬೇರೆಯೇ ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ ಬ್ಯಾಟರಿ ಪೆಟ್ಟಿಗೆ) ಇಟ್ಟುಕೊಳ್ಳಿ. ಕಿತ್ತಳೆ ಬಣ್ಣದ ಕೇಬಲ್ಲುಗಳು ಅಧಿಕ ವೋಲ್ಟೇಜಿನವು, ಅವನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ರಾತ್ರಿ ಎಸಿ ಹಾಕಿ ಮಲಗುವ ವಿಚಾರದಲ್ಲಿ ಹೆಚ್ಚು ಜಾಗ್ರತೆ ಬೇಕು. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿಯೇ ಚಾಲೂ ಆಗುತ್ತದೆ, ಸದ್ದು ಕಡಿಮೆಯಾದ್ದರಿಂದ ಮಲಗಿದವರಿಗೆ ತಿಳಿಯುವುದೂ ಇಲ್ಲ. ಬೇಸ್‌ಮೆಂಟಿನಲ್ಲಾಗಲಿ, ಗೋಡೆಗೆ ಹಿಂಭಾಗ ಒತ್ತಿ ನಿಲ್ಲಿಸಿದಾಗಲಾಗಲಿ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಡಿಯನ್ನು ಪೂರ್ತಿ ಆರಿಸಿ, ಕಿಟಕಿಯನ್ನು ಎರಡು ಬೆರಳು ಇಳಿಸಿ, ಸೊಳ್ಳೆ ಪರದೆ ಕಟ್ಟಿ ಮಲಗಿ. ಮಕ್ಕಳಿದ್ದರಂತೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಹೊರಡಲೇಬೇಡಿ.

ಕೊನೆಗೆ, ಕೊಳ್ಳುವ ಮುನ್ನ ಗಾಡಿಯನ್ನು ಖಂಬಾಟ್ಕಿ ಘಾಟಿನವರೆಗೆ ಓಡಿಸಲು ಕೇಳಿ. ಇಳಿಜಾರಿನಲ್ಲಿ ಚಾರ್ಜಿನ ಪಟ್ಟಿ ಏರುತ್ತಿದೆಯೇ, ಗೇರಿನ ಕಡ್ಡಿಯಲ್ಲಿ ‘ಬಿ’ ಸ್ಥಾನವಿದ್ದರೆ ಅದಕ್ಕೆ ಹಾಕಿದಾಗ ಎಂಜಿನ್ ಗಾಡಿಯನ್ನು ಹಿಡಿಯುತ್ತಿದೆಯೇ ನೋಡಿ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹೈಬ್ರಿಡ್ ಬ್ಯಾಟರಿಯ ಪರೀಕ್ಷೆ ಮಾಡಿಸಿ, ಮುದ್ರಿತ ವರದಿ ಕೈಗೆ ಬಂದ ಮೇಲಷ್ಟೇ ಹಣ ಕೊಡಿ.